ನಾನು ಹೊಡೆದ ಏಟು

ಕುಲಶೇಖರ, ಮಂಗಳೂರು
೧೨ ಆಗಸ್ಟ್ ೨೦೨೪

ನನ್ನ ಮುದ್ದಿನ ಆಂಡ್ರಿಯಾ,

ನಿನ್ನ ಹುಬ್ಬಿನ ಹೊಲಿಗೆ ಬಿಚ್ಚಿದರಾ? ಬರೆಯಲು ಕೂತರೆ ಮೊದಲು ಅದನ್ನೇ ಕೇಳಬೇಕೆನಿಸುತ್ತದೆ. ನಾನು ಆಸ್ಪತ್ರೆಯಿಂದ ಮನೆಗೆ ಬಂದಿದ್ದೇನೆ. ಗಂಜಿ ಸೇರುತ್ತಿದೆ, ತಲೆ ನೆಟ್ಟಗಾಗಿದೆ.

ಆ ಮಂಗಳವಾರ ಸಂಜೆ ನಾನು ಮಾಡಿದ್ದನ್ನು ಹೇಳಲು ಡ್ಯಾಡಿಗೆ ಮನಸ್ಸಿರಲಿಲ್ಲ. ಪೀಡಿಸಿದ ಮೇಲೆ ಬಾಯಿಬಿಟ್ಟರು. ಮೂತ್ರಕ್ಕೆ ಹಾಕಿದ್ದ ಟ್ಯೂಬನ್ನು ಕಿತ್ತೆಸೆದೆನಂತೆ, ಹಾಸಿಗೆಯೆಲ್ಲ ರಕ್ತವಂತೆ. ಹಿಡಿಯಲು ಬಂದ ನರ್ಸಿನ ಕೈ ಕಚ್ಚಿದೆನಂತೆ. ನೀನು ನಡುವೆ ಬಂದು, "ಮಮ್ಮಿ, ಎಂತ ಮಾಡ್ತಾ ಇದ್ದಿ? ನಾನು ಆಂಡ್ರಿಯಾ!" ಎಂದು ಕಿರುಚಿದರೂ ಬಿಡದೆ, ನಿನ್ನ ಜಡೆ ಎಳೆದು ಸ್ಟೀಲ್ ಫ್ಲಾಸ್ಕಿನಿಂದ ಮುಖಕ್ಕೆ ಬಡಿದೆನಂತೆ. ಕೊನೆಗೆ ನನ್ನ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಯಿತಂತೆ.

ನನಗೆ ಕಂಡದ್ದು ಬೇರೆ. ಪರದೆಯ ಹಿಂದಿನಿಂದ ಒಬ್ಬ ಗಂಡಸು ಬಂದ. ನಿನ್ನನ್ನು ಗೋಡೆಗೆ ಒತ್ತಿ ಕುತ್ತಿಗೆ ಹಿಸುಕತೊಡಗಿದ. ನಿನ್ನ ಕಣ್ಣು ಮೇಲೆ ಸಿಕ್ಕಿಕೊಂಡಿತು. ನಾನು ಹೊಡೆದದ್ದು ಅವನಿಗೆ. ಮೂಳೆಗೆ ಏಟು ಬಿದ್ದ ಸದ್ದು ಕೇಳಿ ಖುಷಿಪಟ್ಟೆ ಕೂಡ. ಆಮೇಲೆ ನೋಡಿದರೆ ರಕ್ತ ಸುರಿಯುತ್ತಿದ್ದದ್ದು ನಿನ್ನ ಮುಖದಿಂದ.

"ಇದು ಹುಚ್ಚಲ್ಲ ಮಾರಾಯ್ರೆ," ಎಂದು ಡಾಕ್ಟರು ಡ್ಯಾಡಿಗೆ ಹೇಳಿದರಂತೆ. "ಮೂತ್ರದಲ್ಲಿ ಸೋಂಕು ಉಂಟು. ಈ ಪ್ರಾಯದಲ್ಲಿ ಅದು ತಲೆ ಕೆಡಿಸ್ತದೆ. ಮದ್ದು ಹಿಡಿದರೆ ಸರಿಯಾಗ್ತಾರೆ."

ಮದ್ದು ಹಿಡಿಯಿತು. ಆದರೆ ಊಟಕ್ಕೆ ತಟ್ಟೆ ಎತ್ತುವಾಗಲೂ ನನ್ನ ಕೈ ನೋಡಿದರೆ ನನಗೇ ಹೆದರಿಕೆ. ಹೆತ್ತ ಮಗಳಿಗೆ ಒಂದು ದಿನವೂ ಬೆತ್ತ ಎತ್ತಿದವಳಲ್ಲ ನಾನು. ಕ್ಷಮಿಸು, ಮಗಳೇ.

ನಿನ್ನ ಮಮ್ಮಿ,
ಮಟಿಲ್ಡಾ

ವಿ.ಸೂ.: ಮರುದಿನ ಬೆಳಿಗ್ಗೆ ನೀನು ನನ್ನ ಮೈ ಒರೆಸಲು ಬಗ್ಗಿದಾಗ, ನಿನ್ನ ಕುತ್ತಿಗೆಯ ಕೆಳಗೆ ಬೆರಳುಗಳ ಹಳದಿ ಗುರುತು ಕಂಡೆ. ಕೇಳಿದರೆ ನೀನು, "ಅದೂ ನೀನೇ ಮಾಡಿದ್ದು ಮಮ್ಮಿ," ಎಂದೆ. ಡ್ಯಾಡಿ ಎದುರಿಗಿದ್ದರೆಂದು ನಾನು ಮತ್ತೆ ಕೆದಕಲಿಲ್ಲ. ಹಿಂದಿನ ಸಂಜೆಯ ಪೆಟ್ಟು ಬೆಳಗಾಗುವುದರೊಳಗೆ ಹಳದಿಗೆ ತಿರುಗುವುದಿಲ್ಲ. ನಾನು ಕಂಡ ಗಂಡಸಿಗೆ ನಮ್ಮ ಅಳಿಯ ಚಾರ್ಲ್ಸನ ಮುಖವಿತ್ತು. ಫೋನ್ ಮಾಡಿದರೆ ಅವನು ಸ್ಪೀಕರಿಗೆ ಹಾಕಿಸುತ್ತಾನೆ, ಅದಕ್ಕೇ ನೀನು ಕಲಿಸುವ ಶಾಲೆಯ ವಿಳಾಸಕ್ಕೆ ಬರೆದಿದ್ದೇನೆ. ಡ್ಯಾಡಿಗೂ ಈಗ ಎಲ್ಲ ಹೇಳಿದ್ದೇನೆ. ಶನಿವಾರ ಶಾಲೆ ಬಿಡುವ ಹೊತ್ತಿಗೆ ಅವರು ಗೇಟಿನ ಹತ್ತಿರ ರಿಕ್ಷಾ ತಂದು ನಿಂತಿರುತ್ತಾರೆ. ಬಟ್ಟೆ ತರುತ್ತೇನೆಂದು ಆ ಮನೆಗೆ ಹೋಗಬೇಡ.