ಮೂರನೆಯ ಸಲ ಕೇಳದವರಿಗೆ

ಪಾಸ್ಟರ್ ಎಂಗ್‌ಸ್ಟ್ರಮ್ ಅವರಿಗೆ,

ನಿಮ್ಮೆದುರು ನಿಂತಾಗ ನನ್ನ ಕಣ್ಣು ನಿಮ್ಮ ಅಂಗಿಯ ಗುಂಡಿಯ ಮೇಲೇ ಇರುತ್ತದೆ. ನೀವೇ ಒಮ್ಮೆ ನಗುತ್ತ, "ಸಿಗ್ರಿಡ್, ನನ್ನ ಮುಖ ಇನ್ನೂ ಸ್ವಲ್ಪ ಮೇಲಿದೆ ಕಣಮ್ಮ" ಅಂದಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ. ಬಾಯಲ್ಲಿ ಬಾರದ ಸಿಟ್ಟು ಕಾಗದದ ಮೇಲೆ ಸಲೀಸಾಗಿ ಬರುತ್ತದೆ.

ನಿನ್ನೆ ಮಧ್ಯಾಹ್ನ ನೀವು ರುಬಾರ್ಬ್ ಕೇಕು ಹಿಡಿದು ನಮ್ಮ ಮನೆಗೆ ಬಂದಿರಿ. ಬರುವ ಭಾನುವಾರ ಸಾಕು ಮಕ್ಕಳಿಗಾಗಿ ವಿಶೇಷ ಆರಾಧನೆಯಿದೆ, ಅಂಥ ಮಕ್ಕಳಿಗೆ ಮನೆ ಕೊಡುವ ಕುಟುಂಬಗಳು ನಮ್ಮ ಸಭೆಯಿಂದ ಹೆಚ್ಚೆಚ್ಚು ಮುಂದೆ ಬರಬೇಕು, ಆದ್ದರಿಂದ ಅಮ್ಮ ಎದ್ದು ನಿಂತು, ಕೌಂಟಿ ಆಡಳಿತ ನಮ್ಮ ಮನೆಯಲ್ಲಿ ಇರಿಸಿದ್ದ ಮಾರ್ಲಿಯ ವಿಷಯ ಹೇಳಬೇಕು ಅಂದಿರಿ. "ಜನರ ಮನಸ್ಸು ಕರಗತ್ತೆ ಕ್ಯಾರಿನ್" ಅಂದಿರಿ. ಬೆನ್ನಿಗೆ ಪಟ್ಟಿ ಬಿಗಿದುಕೊಂಡು ನೆಟ್ಟಗೆ ಕೂತಿದ್ದ ಅಮ್ಮ ಒಂದೇ ಮಾತಿಗೆ ಹೂಂ ಅಂದಳು. ಕಾಫಿ ಜಗ್ಗು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದ ನನಗೆ ಮೈ ಉರಿಯಿತು.

ಏಕೆಂದರೆ ನಮ್ಮ ಮಿನೆಸೋಟದಲ್ಲಿ ಯಾರೂ ಮೊದಲ ಸಲಕ್ಕೆ ಹೂಂ ಅನ್ನುವುದಿಲ್ಲ. ಕಾಫಿ ಕೊಡಲಾ ಅಂದರೆ, ಬೇಡ, ಈಗಷ್ಟೇ ಆಯಿತು. ಮತ್ತೆ ಕೇಳಿದರೆ, ನಿಮಗ್ಯಾಕೆ ತೊಂದರೆ. ಮೂರನೆಯ ಸಲ ಕೇಳಿದರೆ, ಹೇಗೂ ಮಾಡಿದ್ದೀರಲ್ಲ, ಅರ್ಧ ಲೋಟ ಸಾಕು. ಆಮೇಲೆ ಮೂರು ಲೋಟ ಕುಡಿದು ಎದ್ದು ಹೋಗುತ್ತಾರೆ. ಮೊದಲ ಎರಡು ಸಲ ಕೇಳುವುದು ಮರ್ಯಾದೆಗೆ. ಮೂರನೆಯ ಸಲ ಕೇಳುವುದೇ ನಿಜವಾಗಿ ಕೇಳುವುದು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನೀವು ಹೊರಗಿನಿಂದ ಬಂದವರಲ್ಲ, ಇದೇ ಹಿಮ ತುಳಿದು ಬೆಳೆದವರು.

ಫೆಬ್ರವರಿಯಲ್ಲಿ ನೀವು ಬಂದ ದಿನ ನೆನಪಿದೆಯೇ? ಅಮ್ಮನ ಬೆನ್ನಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಆಮೇಲೆ ಆರು ವಾರ ಅವಳು ಬಗ್ಗುವಂತಿಲ್ಲ, ಏನನ್ನೂ ಎತ್ತುವಂತಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿದ್ದವರು ಅವಳು ಮತ್ತು ಐದು ವರ್ಷದ ಮಾರ್ಲಿ, ಇಬ್ಬರೇ. ನಾನು ಡುಲುತ್‌ನಲ್ಲಿ ಕೊನೆಯ ವರ್ಷದ ಓದಿನಲ್ಲಿದ್ದೆ, ವಾರಾಂತ್ಯಕ್ಕೆ ಬಂದಿದ್ದೆ. ನೀವು ಕೋಟು ತೊಡುತ್ತ, "ಏನಾದ್ರೂ ಬೇಕಾಗತ್ತಾ ಕ್ಯಾರಿನ್?" ಅಂದಿರಿ.

"ಅಯ್ಯೋ ಏನಿಲ್ಲ ಪಾಸ್ಟರ್, ಹೇಗೋ ಆಗತ್ತೆ."

"ನಿಜವಾಗ್ಲೂ? ಮಗೂದು?"

"ನಿಮಗಿರೋ ತಾಪತ್ರಯ ಸಾಲದೇ. ನೋಡ್ಕೊಳ್ತೀವಿ ಬಿಡಿ."

ಅಮ್ಮ ಕಾದಳು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಸ್ವಲ್ಪ ತಲೆ ಓರೆ ಮಾಡಿ ಕಾದಳು. ಮೂರನೆಯ ಸಲ ಕೇಳಿದ್ದರೆ ಹೇಳುತ್ತಿದ್ದಳು. ನೀವು ಟೋಪಿ ಹಾಕಿಕೊಂಡು, "ನಿನ್ನಂಥೋರು ಇರೋದ್ರಿಂದಲೇ ನಮ್ಮ ಸಭೆ ನಡೀತಿರೋದು" ಎಂದು ಹೇಳಿ ಹಿಮದಲ್ಲಿ ಇಳಿದು ಹೋದಿರಿ. ಮರೆತಿರಿ ಎಂದು ನಾನು ಎಷ್ಟೋ ದಿನ ನನಗೇ ಸಮಾಧಾನ ಹೇಳಿಕೊಂಡೆ. ಈಗ ಹಾಗನ್ನಿಸುವುದಿಲ್ಲ. ಎರಡು ಸಲ ಕೇಳಿದರೆ ಕೇಳಿದ ಪುಣ್ಯ ಬರುತ್ತದೆ, ಹೂಂ ಅನ್ನಿಸಿಕೊಳ್ಳುವ ಅಪಾಯವೂ ಇರುವುದಿಲ್ಲ. ನಮ್ಮೂರಿನ ಮರ್ಯಾದೆಯಲ್ಲಿ ಇಂಥದೊಂದು ಹಿತ್ತಿಲ ಬಾಗಿಲಿದೆ. ನೀವು ಅದರಿಂದ ಹೋದಿರಿ.

ನೀವು ಮತ್ತೆ ಬಂದು ಕೇಳುವಿರೆಂದು ಎರಡು ವಾರ ಕಾದು, ಆಮೇಲೆ ನಾನೇ ಬೆರಳಚ್ಚು ಕೊಟ್ಟೆ. ಸಾಕು ಮಗುವಿನ ಜೊತೆ ಒಬ್ಬರೇ ಇರಬೇಕಾದರೆ ಕೌಂಟಿಯವರು ಬೆರಳಚ್ಚು ತೆಗೆದುಕೊಂಡು, ಹಿನ್ನೆಲೆ ನೋಡಿ, ಒಪ್ಪಿಗೆ ಕೊಡಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅಮ್ಮ ಆಸ್ಪತ್ರೆಗೆ ಸೇರುವ ದಿನ ಬಂದರೂ ನನ್ನ ಒಪ್ಪಿಗೆ ಬರಲಿಲ್ಲ. ಇಡೀ ಸಭೆಯಲ್ಲಿ ಒಪ್ಪಿಗೆಯಿದ್ದ ಇನ್ನೊಂದು ಮನೆ ಇರಲಿಲ್ಲ.

ಮಾರ್ಲಿ ಬಂದ ಹೊಸದರಲ್ಲಿ ಶೂ ಹಾಕಿಕೊಂಡೇ ಮಲಗುತ್ತಿದ್ದಳು. ಅಮ್ಮ ಒಂದು ದಿನವೂ ಬಿಚ್ಚು ಅನ್ನಲಿಲ್ಲ. ಹಾಸಿಗೆಯ ಕೆಸರು ಒಗೆದು ಒಣಗಿಸಿ ಮತ್ತೆ ಹಾಸುತ್ತಿದ್ದಳು, ಅಷ್ಟೇ. ಕ್ರಿಸ್‌ಮಸ್ ಕಳೆದ ಮೇಲೆ ಒಂದು ಸಂಜೆ ಮಗು ತಾನಾಗಿ ಶೂ ಬಿಚ್ಚಿ ಬಾಗಿಲ ಪಕ್ಕ ಅಮ್ಮನ ಶೂ ಜೊತೆ ಇಟ್ಟಿತಂತೆ. ಅಮ್ಮ ನನಗೆ ಫೋನು ಮಾಡಿ ಅದನ್ನು ಹೇಳುತ್ತ ಮೂಗು ಒರೆಸಿಕೊಳ್ಳುತ್ತಿದ್ದಳು. ಮಾರ್ಚಿನಲ್ಲಿ ಕೌಂಟಿಯ ಮಕ್ಕಳ ವಿಭಾಗದ ಡೆನೀಸ್ ಕಾರು ತಂದು ನಿಲ್ಲಿಸಿದಾಗ ಮಾರ್ಲಿ ಅಳಲಿಲ್ಲ. ಅದೇ ಬಾಗಿಲ ಬಳಿ ಕೂತು ಶೂ ಹಾಕಿಕೊಳ್ಳುತ್ತ, "ನಾನೇನು ಮುರಿದೆ ಕ್ಯಾರಿನ್?" ಎಂದು ಕೇಳಿದಳು. ಮುರಿದದ್ದು ಅವಳಲ್ಲ ಪಾಸ್ಟರ್.

ಅವಳನ್ನು ಮೂರು ಗಂಟೆ ದಾರಿಯ ಊರಿಗೆ, ಗೊತ್ತಿಲ್ಲದ ಮನೆಗೆ ಕರೆದೊಯ್ದರು. ನಮ್ಮ ಮನೆಗೆ ಹಾಟ್‌ಡಿಶ್‌ಗಳು ಬಂದವು. ಕೊಚ್ಚಿದ ಮಾಂಸ, ಬೀನ್ಸು, ಮೇಲೆ ಆಲೂಗಡ್ಡೆ, ಪಾತ್ರೆಯ ತಳದಲ್ಲಿ ಟೇಪಿನ ಮೇಲೆ ಕೊಟ್ಟವರ ಹೆಸರು. ಫ್ರಿಜ್ಜಿನಲ್ಲಿ ಜಾಗ ಸಾಲದೆ ಕೆಲವನ್ನು ಹೊರಗೆ ಹಿಮದಲ್ಲಿ ಇಟ್ಟೆ. ತಂದವರೆಲ್ಲ ಒಳ್ಳೆಯವರು, ಅದೇ ನನ್ನ ಸಂಕಟ. "ಪಾಪ, ಮಗೂನ ಕಳಿಸ್ಬೇಕಾಯ್ತಂತೆ, ನಮಗೊಂದು ಮಾತು ಹೇಳಬಾರದಿತ್ತಾ" ಎಂದು ಲೊಚಗುಟ್ಟುತ್ತ, ಬೂಟಿನ ಹಿಮ ಕೊಡವುತ್ತ ಬಾಗಿಲಲ್ಲೇ ನಿಂತರು. ಪಾತ್ರೆಗಳನ್ನು ತೊಳೆದು ಅವರವರ ಮನೆಗೆ ಮುಟ್ಟಿಸಿದೆ. ಪಾತ್ರೆಗಳೆಲ್ಲ ಮನೆ ಸೇರಿದವು.

ನಿಮಗೆ ಕುಟುಂಬಗಳು ಬೇಕಲ್ಲವೇ? ಅಮ್ಮ ಈ ಕೆಲಸಕ್ಕೆ ಹೇಗೆ ಬಂದಳೆಂದು ಹೇಳುತ್ತೇನೆ. ಯಾವ ಪ್ರಸಂಗ ಕೇಳಿಯೂ ಅಲ್ಲ. ಒಂದು ಅಂತ್ಯಕ್ರಿಯೆಯ ಊಟ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆಯುವಾಗ ವರ್ನಾ ಅಜ್ಜಿ, "ನಿಮ್ಮನೇಲಿ ಒಂದು ಕೋಣೆ ಖಾಲಿ ಇದೆಯಲ್ಲೇ" ಅಂದರು.

"ಅದು ಹೊಲಿಗೆ ಕೋಣೆ ವರ್ನಾ."

"ಈ ವರ್ಷ ಏನು ಹೊಲಿದೆ?"

ಅಮ್ಮ ಏನೂ ಹೊಲಿದಿರಲಿಲ್ಲ. ತನಗೆ ಇದೆಲ್ಲ ಗೊತ್ತಾಗುವುದಿಲ್ಲ ಅಂದಳು. ಇನ್ನೆರಡು ತಟ್ಟೆ ಒರೆಸಿ ಅಜ್ಜಿ ಮತ್ತೆ ಕೇಳಿದರು, ಮತ್ತೆ ಬೇಡ. ಮೂರನೆಯ ಸಲ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ಶನಿವಾರ ಮಗೂನ ನಾನಿಟ್ಕೋತೀನಿ, ನೀನು ನಿದ್ದೆ ಮಾಡು. ಈಗ ಹೇಳು" ಅಂದರು. ಕರೆಯುವುದೂ ಜೊತೆ ನಿಲ್ಲುವುದೂ ಒಂದೇ ಉಸಿರಿನಲ್ಲಿ. ಎಪ್ಪತ್ತು ದಾಟಿದ ಮೇಲೆ ಅಜ್ಜಿ ಬೆರಳಚ್ಚು ಕೊಟ್ಟು ಬಂದರು. ಸಾಯುವವರೆಗೆ ಶನಿವಾರ ತಪ್ಪಿಸಲಿಲ್ಲ. ಅವರು ಹೋದ ಮೇಲೆ ಆ ಜಾಗಕ್ಕೆ ನೀವು ಯಾರನ್ನೂ ಹುಡುಕಲಿಲ್ಲ. ಚರ್ಚಿನ ಪತ್ರಿಕೆಯಲ್ಲಿ, ಆಸಕ್ತರು ಸಂಪರ್ಕಿಸಿ ಎಂದು ಹಾಕಿಸಿದಿರಿ. ನಮ್ಮೂರಿನಲ್ಲಿ ಆಸಕ್ತರು ಎಂಬ ಹೆಸರಿನವರು ಯಾರೂ ಇಲ್ಲ.

ಡೆನೀಸ್ ಮೊನ್ನೆ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು. ಮಾರ್ಲಿಯ ಹೆತ್ತ ತಾಯಿ ಇನ್ನೂ ಚಿಕಿತ್ಸೆಯಲ್ಲಿದ್ದಾಳೆ, ಮಗು ಸದ್ಯಕ್ಕೆ ಅಲ್ಲಿಗೆ ಹೋಗುವಂತಿಲ್ಲ. ಅಮ್ಮನ ಬೆನ್ನು ವಾಸಿಯಾಗಿ, ಬೇಕಾದಾಗ ಮಗುವನ್ನು ನೋಡಿಕೊಂಡು ಅವಳ ಹಿಂದೆ ನಿಲ್ಲಲು ಒಪ್ಪಿಗೆಯಿರುವ ಇನ್ನೊಂದು ಮನೆ ಊರಲ್ಲಿದ್ದರೆ, ಶಾಲೆ ಶುರುವಾಗುವ ಮೊದಲು ಮಾರ್ಲಿಯನ್ನು ನಮ್ಮ ಮನೆಗೇ ಕಳಿಸುತ್ತಾರೆ. ಇಲ್ಲದಿದ್ದರೆ ಅವಳು ಅಲ್ಲೇ ಶಾಲೆ ಸೇರುತ್ತಾಳೆ, ಮತ್ತೆ ಕದಲಿಸುವುದಿಲ್ಲ. ನನ್ನ ಒಪ್ಪಿಗೆ ಈಗ ಬಂದಿದೆ, ಆದರೆ ನಾನು ಅದೇ ಮನೆಯವಳು, ಲೆಕ್ಕಕ್ಕಿಲ್ಲ.

ಆದ್ದರಿಂದ ಭಾನುವಾರ ಅಮ್ಮ ಮಾತನಾಡುವುದಿಲ್ಲ. ಇಂದು ಬೆಳಿಗ್ಗೆ ಅವಳಿಗೇ ಹೇಳಿದೆ. ಪಾಸ್ಟರ್‌ಗೆ ಬೇಜಾರಾಗತ್ತೆ ಕಣೇ ಅಂದಳು. ಆಗಲಿ ಅಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಇಬ್ಬರಿಗೂ ಗಾಬರಿಯಾಯಿತು. ಮಾರ್ಲಿಯ ಕತೆ ಅಮ್ಮನದಲ್ಲ, ನನ್ನದಲ್ಲ, ಜನರ ಮನಸ್ಸು ಕರಗಿಸಲು ವೇದಿಕೆಗೆ ತರುವಂಥದ್ದಂತೂ ಅಲ್ಲ. ಕರಗಿದ ಮನಸ್ಸು ಕಾಫಿಯ ಹೊತ್ತಿಗೆ ಮತ್ತೆ ಗಟ್ಟಿಯಾಗುವುದನ್ನು ನಾನು ಹಿಂದಿನ ಬೆಂಚಿನಿಂದ ಎಷ್ಟೋ ವರ್ಷ ನೋಡಿದ್ದೇನೆ.

ನಿಮ್ಮ ಮನೆಯಲ್ಲಿ ಮಹಡಿಯ ಎರಡು ಕೋಣೆ ಖಾಲಿಯಿವೆ. ಗುರುವಾರ ಬೆಳಿಗ್ಗೆ ಕೌಂಟಿ ಕಚೇರಿಯಲ್ಲಿ ಬೆರಳಚ್ಚು ತೆಗೆಯುತ್ತಾರೆ. ಅವರು ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವಂತೆ, ನಿಮ್ಮ ಮನೆಯ ಮುಂದೆ ಅಮ್ಮನ ಕಾರು ನಿಲ್ಲಿಸಿರುತ್ತೇನೆ. ನಿಮ್ಮ ಹೆಂಡತಿ ಬೆತ್ ಅವರಿಗೂ ಹೇಳಿ. ಹಾರ್ನ್ ಮಾಡುವುದಿಲ್ಲ, ಬಾಗಿಲು ತಟ್ಟುವುದಿಲ್ಲ, ಅಷ್ಟು ಧೈರ್ಯ ನನಗಿಲ್ಲ. ಸುಮ್ಮನೆ ಕೂತಿರುತ್ತೇನೆ. ನೀವಿಬ್ಬರೂ ಬರುವವರೆಗೆ ಕೂತಿರುತ್ತೇನೆ. ಎದುರು ಮನೆಯವರು ಪರದೆ ಸರಿಸಿ ನೋಡುತ್ತಾರೆ, ಆಮೇಲೆ ಹೊರಗೆ ಬಂದು, ಏನಮ್ಮಾ, ಯಾರಿಗೆ ಕಾಯ್ತಿದೀಯಾ ಎಂದು ಕೇಳುತ್ತಾರೆ. ಹೇಳುತ್ತೇನೆ. ಅವರಿಗೂ ಹಿಂದಿನ ಸೀಟಿನಲ್ಲಿ ಜಾಗವಿದೆ.

ಆ ಮಗು ಮನೆಗೆ ಬರುವವರೆಗೆ ದೇವರು ನಿಮಗೆ ನೆಮ್ಮದಿ ಕೊಡದಿರಲಿ. ಬಂದ ದಿನ ಪೂರ್ತಿ ಕೊಡಲಿ.

ನೀವೇ ದೀಕ್ಷಾಸ್ನಾನ ಕೊಟ್ಟ,
ಸಿಗ್ರಿಡ್ ಟಾಲೆಫ್ಸನ್