ಫಕೀರವ್ವನ ಕಟ್ಟೆಯ ಮೇಲೆ ನಿಂತವರಿಗೆ

೨೧೪೧ನೇ ಇಸವಿ, ನೋಟಮಾಸದ ಮೂವತ್ತೆಂಟನೇ ದಿನ
ಮೆಟ್ಟಿನಕೊಪ್ಪ

ಶರತ್ಕಾಲದಲ್ಲಿ ಚಂದದ ಊರು ನೋಡಲು ಹೊರಟಿರುವ ಹಿರಿಯರಿಗೆ, ಗುರುಬಸವ್ವನ ಶರಣು.

ತಿಂಗಳಿಗೆ ಮೂವತ್ತೆಂಟನೇ ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಿಮ್ಮ ಭಾದ್ರಪದದಿಂದ ಆಶ್ವಯುಜದ ಶೀಗಿ ಹುಣ್ಣಿಮೆಯವರೆಗೆ ಎಳೆದು ನಲವತ್ತು ದಿನ ಮಾಡಿ, ಅದಕ್ಕೆ ನೋಟಮಾಸ ಎಂದು ಹೆಸರಿಟ್ಟಿದ್ದಾರೆ. ಊರು ನೋಡುವವರು ಬರುವ ತಿಂಗಳು ಎಂದರ್ಥ. ಇಂಥ ವಿಚಿತ್ರ ಪದಗಳು ಇನ್ನೂ ಕೆಲವು ಬರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬರಿಗೆ ಜನ್ಮಕ್ಕೆ ಒಂದೇ. ನನ್ನ ಓರಗೆಯವರು ಸತ್ತ ತಾಯಿಗೋ, ಬಿಟ್ಟುಹೋದ ಗಂಡನಿಗೋ ಬರೆದು ಮುಗಿಸಿದ್ದಾರೆ. ನಾನು ಅರವತ್ತೊಂದು ವರ್ಷದ ತನಕ ಕಾಯ್ದಿಟ್ಟುಕೊಂಡು, ಹೆಸರೂ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ನನ್ನ ಮನೆ ಉಳಿಯುವ ಅಳಿಯುವ ಮಾತಿದು.

ನಿಮಗೆ ಮೆಟ್ಟಿನಕೊಪ್ಪ ಗೊತ್ತಿರಬೇಕು. ದಸರೆ ಮುಗಿದು ಮಳೆ ಹಿಂದೆ ಸರಿದ ಮೇಲೆ ಬಸ್ಸಿಳಿದು ಎದುರಿನ ಕಟ್ಟೆ ಹತ್ತಿ ನಿಂತರೆ, ಕರಿಕಲ್ಲಿನ ಮೆಟ್ಟಿಲ ಓಣಿ ಕೆರೆಯವರೆಗೂ ಇಳಿಯುತ್ತದೆ. ಎರಡೂ ಬದಿಗೆ ಸುಣ್ಣದ ಗೋಡೆ, ಕೆರೆಯಾಚೆ ಹಳದಿ ಹೂ ಬಿಟ್ಟ ಗುರೆಳ್ಳಿನ ಹೊಲ. ನೀವು ಫೋಟೋ ತೆಗೆದಿರಿ, ಚಂದ ಎಂದಿರಿ, ಮುಂದಿನ ಊರಿಗೆ ಹೋದಿರಿ. ಫೋಟೋಗಳು ಮಾತ್ರ ಉಳಿದವು. ಇವತ್ತು ಅವೇ ನಮ್ಮ ಕಾನೂನು. ನೋಟಮಾಸದಲ್ಲಿ ಊರು ನಿಮ್ಮ ಫೋಟೋಗಳಲ್ಲಿದ್ದ ಹಾಗೆಯೇ ಇರಬೇಕೆಂದು ನೋಟಮಂಡಳಿ ಗೊತ್ತುಮಾಡಿದೆ. ಯಾರದೋ ಫೋಟೋದಲ್ಲಿ ಮೂರನೇ ಮೆಟ್ಟಿಲ ಮೇಲೆ ಒಂದು ಆಡು ನಿಂತಿತ್ತು. ಹಾಗಾಗಿ ನಲವತ್ತು ದಿನವೂ ಅಲ್ಲೊಂದು ಆಡು ಕಟ್ಟುತ್ತೇವೆ. ಹಣೆಯ ಮೇಲೆ ಬಿಳಿ ಮಚ್ಚೆ ಇರಲೇಬೇಕು. ಹೋದ ವರ್ಷ ಮಚ್ಚೆಯ ಆಡು ಸಿಗದೆ ಸುಣ್ಣ ಬಳಿದೆವು, ಅದು ಕಲ್ಲಿಗೆ ಹಣೆ ಉಜ್ಜಿ ಅರ್ಧ ತಾಸಿನಲ್ಲಿ ಕಾನೂನು ಮುರಿಯಿತು. ಐದನೇ ಮನೆಯ ಚನಮಲ್ಲಪ್ಪ ಬಾಗಿಲಲ್ಲಿ ಪತ್ರಿಕೆ ಹಿಡಿದು ಕೂರಬೇಕು. ಪತ್ರಿಕೆಗಳು ನಿಂತು ಅರವತ್ತು ವರ್ಷವಾಯಿತು, ಅವನ ಕೈಯಲ್ಲಿರುವುದು ಅಕ್ಷರ ಬರೆದ ಅರಿವೆ. ನಾವು ಒಗೆದ ಬಟ್ಟೆ ಒಳಗೇ ಒಣಗಬೇಕು, ಹಬ್ಬದ ಸೀರೆಗೂ ಮುಗ್ಗಲು ವಾಸನೆ. ನೋಡುವವರು ತೇಲುಬಂಡಿಯಲ್ಲಿ, ಅಂದರೆ ನೆಲದಿಂದ ಗೇಣು ಮೇಲೆ ಹರಿಯುವ ಗಾಡಿಯಲ್ಲಿ, ಬಂದು ಓಣಿಯುದ್ದಕ್ಕೂ ಜಾರಿ ಹೋಗುತ್ತಾರೆ. ಅವರನ್ನು ನಾವು ಮಾತಾಡಿಸುವಂತಿಲ್ಲ. ನೋಟ ಕೆಡುತ್ತದಂತೆ.

ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದ್ದೆ. ಸಹಿಸಲಾಗದ್ದು ಚಿತ್ರಸಾಕ್ಷಿ. ನಿಮ್ಮ ಕಾಲದ ಒಂದು ಫೋಟೋದಲ್ಲೂ ಕಾಣದ ಕಟ್ಟಡ ಊರಿನದಲ್ಲ, ಅದನ್ನು ಕೆಡವಬೇಕು ಎಂಬ ಹೊಸ ನೇಮ. ಊರಿನ ಮನೆಗಳಿಗೆಲ್ಲ ಸಾಕ್ಷಿ ಸಿಕ್ಕಿತು, ನಮ್ಮ ಖಾನಾವಳಿಗೆ ಸಿಗಲಿಲ್ಲ. ಏಕೆಂದರೆ ನೀವು ಹತ್ತಿ ನಿಂತ ಕಟ್ಟೆಯೇ ನಮ್ಮದು. ನಮ್ಮ ಚಹಾ ಕುಡಿದು, ಲೋಟ ನಮ್ಮ ಕಿಟಕಿಯಲ್ಲಿಟ್ಟು, ನಮಗೇ ಬೆನ್ನು ಹಾಕಿ ನೀವೆಲ್ಲ ಫೋಟೋ ತೆಗೆದಿರಿ. ಊರಿನ ಅಷ್ಟೂ ಫೋಟೋ ನಮ್ಮ ಮನೆಯಿಂದ ತೆಗೆದವು, ಒಂದರಲ್ಲೂ ನಮ್ಮ ಮನೆ ಇಲ್ಲ.

ಹದಿನೈದು ದಿನದ ಹಿಂದೆ ಮಂಡಳಿಯಿಂದ ಅಮರೇಶ ಎಂಬ ಅಧಿಕಾರಿ ಅಳತೆಗೆ ಬಂದ. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ಈತ ಉಣ್ಣದೆಯೇ ಎಣಿಸಿದ. ಎಣಿಸಿ ಮುಗಿಸಿ, “ಫೋಟೋದಾಗ ಇಲ್ಲದ್ದು ಇಲ್ಲ ಅಂತನ ಲೆಕ್ಕ ರೀ ಯವ್ವಾ, ನಾ ಏನ್ ಮಾಡ್ಲಿ,” ಎಂದ. “ನಿಮ್ಮಪ್ಪ ನಿಮ್ಮವ್ವನ ಮದಿವಿ ಫೋಟೋದಾಗ ನೀ ಅದೀಯೇನಪಾ? ಹಂಗಾರ ನೀನೂ ಇಲ್ಲ ನೋಡು,” ಎಂದೆ. ಅವನ ಮುಖ ಕೆಂಪಾಯಿತು, ಆದರೂ ಬಾಗಿಲಿಗೆ ಚೀಟಿ ಅಂಟಿಸಿಯೇ ಹೋದ. ನಾಡಿದ್ದು ಶೀಗಿ ಹುಣ್ಣಿಮೆಯ ಮಧ್ಯಾಹ್ನ ಮನೆ ಕೆಡವುತ್ತಾರೆ ಎಂದು ಅದರಲ್ಲಿ ಬರೆದಿದೆ.

ತಪ್ಪು ನಿಮ್ಮದೊಂದೇ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮ ಕಾಲದಲ್ಲಿ ಖಾನಾವಳಿ ನಡೆಸುತ್ತಿದ್ದವಳು ನನ್ನ ಮುತ್ತಜ್ಜಿ ಫಕೀರವ್ವ. ಉಣ್ಣುವವರ ಮೇಲೆ ಕಣ್ಣು ಬಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ನಂಬಿದವಳು. ಯಾರಾದರೂ ಇತ್ತ ಫೋನು ತಿರುಗಿಸಿದರೆ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯನ್ನೇ ಅಡ್ಡ ಹಿಡಿದು, “ಉಣ್ಣೋರಿಗೆ ಕಣ್ಣ ಹಚ್ಚಬ್ಯಾಡ್ರೋ ಯಪ್ಪಾ, ಊರು ಅಕಾ ಅಲ್ಲೈತಿ, ಅದನ್ನ ತಕ್ಕೊಳ್ರಿ,” ಎನ್ನುತ್ತಿದ್ದಳಂತೆ. ನೀವೂ ಒಳ್ಳೆಯವರು, ಹೇಳಿದ ಹಾಗೆ ಬೆನ್ನು ತಿರುಗಿಸಿದಿರಿ. ಹೀಗೆ ನನ್ನ ಮುತ್ತಜ್ಜಿ ಊರವರ ಅನ್ನ ಕಾಯಲು ಹೋಗಿ ತನ್ನ ಮನೆಯನ್ನೇ ಅಳಿಸಿಕೊಂಡಳು.

ನಿಜ ಹೇಳುತ್ತೇನೆ, ಅವಳ ಕೈ ತಪ್ಪಿಸಿ ಒಂದೇ ಒಂದು ಫೋಟೋ ತೆಗೆಯಿರಿ ಎಂದು ಅಂಗಲಾಚಲೆಂದೇ ಈ ಓಲೆಗೆ ಕೂತೆ. ಒಂದು ಸಿಕ್ಕರೆ ಸಾಕಿತ್ತು, ನನ್ನ ಮನೆ ಉಳಿಯುತ್ತಿತ್ತು. ಆ ಸಾಲು ಬರೆದೂ ಇದ್ದೆ. ಬರೆದದ್ದನ್ನು ಓದಿದಾಗ ನನಗೇ ನನ್ನ ಮೇಲೆ ಸಿಟ್ಟು ಬಂತು, ಹೊಡೆದು ಹಾಕಿದೆ. ನಾಲ್ಕು ತಲೆಮಾರು ಉಣಿಸಿದ ಮನೆ ಇತ್ತು ಎನ್ನುವುದಕ್ಕೆ ಉಂಡವರ ಬಾಯಿಗಿಂತ ಬೇರೆ ಸಾಕ್ಷಿ ಬೇಕೆ? ಇವರ ನೇಮಕ್ಕೆ ಹೆದರಿ ಫಕೀರವ್ವನ ಮಾತನ್ನು ನಾನೇ ಮುರಿದರೆ, ಉಳಿಯುವುದು ಬರೀ ಗೋಡೆ. ಆದ್ದರಿಂದ ಕೇಳುವುದಿಲ್ಲ. ಅವಳು ಬೇಡ ಎಂದರೆ ಬೇಡ, ಫೋನು ಕಿಸೆಗೆ ಹಾಕಿ.

ಕೇಳುವುದು ಬೇರೆ. ಈ ಶರತ್ಕಾಲದಲ್ಲಿ ಯಾವ ಊರಿಗೇ ಹೋಗಿ, ಚಂದ ಎಂದು ಹೇಳಿ ಓಡಬೇಡಿ. ಕೂತು ಉಣ್ಣಿ. ಬಡಿಸಿದವರ ಹೆಸರು ಕೇಳಿ. ಬಟ್ಟೆ ಒಣಹಾಕಿದ್ದಕ್ಕೆ, ಮೋರಿ ಹರಿದದ್ದಕ್ಕೆ ಮೂಗು ಮುರಿಯಬೇಡಿ, ಅಲ್ಲಿ ಜನ ಬದುಕಿದ್ದಾರೆ. ಮನೆಗೆ ಹೋದ ಮೇಲೆ ಮಕ್ಕಳಿಗೆ ನೀವು ಕಂಡದ್ದಷ್ಟೇ ಅಲ್ಲ, ಉಂಡದ್ದನ್ನೂ ಹೇಳಿ. ಹೇಳದೆ ಹೋದರೆ ನಿಮ್ಮ ಮೊಮ್ಮಕ್ಕಳೇ ಮಂಡಳಿ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಅಮರೇಶನ ಮುತ್ತಜ್ಜನೂ ನಿಮ್ಮಲ್ಲೊಬ್ಬನಿರಬಹುದು.

ಇಲ್ಲಿಯದನ್ನು ನಮಗೆ ಬಿಡಿ. ನಾಡಿದ್ದು ಬೆಳಿಗ್ಗೆ ಕಡುಬು, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಸಜ್ಜೆ ರೊಟ್ಟಿ ಮಾಡುತ್ತೇನೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಿ ಬಂದವರು, ಭೂಮಿತಾಯಿಗೆ ಉಣಿಸಿ ಬಂದವರು, ಓಣಿಯವರೆಲ್ಲ ಈ ಕಟ್ಟೆಯ ಮೇಲೆಯೇ ಸಾಲಾಗಿ ಕೂರುವುದೆಂದು ಮಾತಾಗಿದೆ. ಚನಮಲ್ಲಪ್ಪ ಅರಿವೆಯ ಪತ್ರಿಕೆಯನ್ನು ಒಲೆಗೆ ಹಾಕಿ ಬರುತ್ತಾನಂತೆ. ತೇಲುಬಂಡಿಯವರನ್ನೂ ಹೆಸರು ಕೇಳಿ, ಕೂಗಿ ಕರೆಯುತ್ತೇವೆ. ಕೆಡವಲು ಬರುವ ಅಮರೇಶನಿಗೆ ನನ್ನ ಪಕ್ಕದಲ್ಲೇ ತಾಟು ಹಾಕುತ್ತೇನೆ. ಕೂತರೆ ಬಡಿಸುತ್ತೇನೆ. ಕೂರದಿದ್ದರೆ, ಉಣ್ಣುವವರನ್ನು ಎಬ್ಬಿಸಿ ನೋಡಲಿ.