ರೇಡಿಯೋದಲ್ಲಿ ನಾನು ತೀರಿಕೊಂಡ ದಿನ

ಮಾರ್ಚ್ ೯, ಭಾನುವಾರ

ಪ್ರೀತಿಯ ಪಾಪುವಿಗೆ,

'ಪ್ರೀತಿಯ' ಎಂದು ಬರೆದದ್ದು ಕೈಯ ಅಭ್ಯಾಸ, ಮನಸ್ಸಿನದಲ್ಲ. ಇನ್ನೊಂದು ಹಾಳೆ ಹಾಳುಮಾಡಲು ಬೇಜಾರಾಗಿ ಹಾಗೇ ಬಿಟ್ಟಿದ್ದೇನೆ. ನೀನು ಕ್ಷೇಮವಾಗಿದ್ದೀಯ ಎಂದು ರೇಡಿಯೋ ಕೇಳಿದವರಿಗೆಲ್ಲ ಗೊತ್ತು. ದನಿ ಗಟ್ಟಿಯಾಗಿಯೇ ಇತ್ತು. ನಾನೂ ಕ್ಷೇಮ. ಇಷ್ಟು ತಿಳಿಸುವುದಕ್ಕೆ ಕೆಲವು ವಾರ ತಡವಾಯಿತು, ಕ್ಷಮಿಸು. ತೀರಿಕೊಂಡವಳು ಎದ್ದು ಪೆನ್ನು ಹುಡುಕಬೇಕಲ್ಲ.

ಸುದ್ದಿ ನನಗೆ ಎಲ್ಲಿ ಸಿಕ್ಕಿತು ಗೊತ್ತೇ? ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ದವಡೆ ಹಲ್ಲು ಕೀಳಿಸಲು ಹೋಗಿದ್ದೆ. ಡಾಕ್ಟರಮ್ಮ ಇಂಜೆಕ್ಷನ್ ಚುಚ್ಚಿ, ಕೆನ್ನೆಯೊಳಗೆ ಹತ್ತಿ ತುರುಕಿ, ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ ಕೈ ತೊಳೆಯುತ್ತಿದ್ದರು. ಅವರ ನರ್ಸಿಗೆ ರೇಡಿಯೋ ಇಲ್ಲದೆ ಕೆಲಸ ಓಡುವುದಿಲ್ಲವಂತೆ. ಮರೆತ ಹಾಡುಗಳ ಕಾರ್ಯಕ್ರಮ ಬರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅಕಾರ್ಡಿಯನ್ನಿನ ಮೊದಲ ಎಳೆತಕ್ಕೇ ನನ್ನ ಬೆನ್ನು ನೆಟ್ಟಗಾಯಿತು. ಆಮೇಲೆ ನನ್ನ ದನಿ ಬಂತು, ಹತ್ತೊಂಬತ್ತರ ನನ್ನ ದನಿ, ಕೊನೆಯ ಬಸ್ಸು ಹೊರಟುಹೋದರೂ ನಿಲ್ದಾಣ ಬಿಟ್ಟು ಹೋಗದ ಹುಡುಗಿಯ ಕಥೆ ಹೇಳುತ್ತಾ.

ಹಾಡನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಆ ಹುಡುಗಿಗೆ ಎಂಥ ನಂಬಿಕೆ ಪಾಪು! ಅಳುವಿಗೂ ಹಾಡಿಗೂ ನಡುವಿನ ಸಣ್ಣ ಜಾಗದಲ್ಲಿ ನಿಂತು ಹಾಡುತ್ತಿದ್ದಾಳೆ, ಒಂದು ಹೆಜ್ಜೆ ಆಚೀಚೆ ಆಗುವುದಿಲ್ಲ. ನನಗೇ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ನಡುವೆ ಆ ಗುನುಗು ಬಂತು. ಅದು ನಿನ್ನದೇ, ಅದರಲ್ಲಿ ನನ್ನ ತಕರಾರಿಲ್ಲ. ರೆಕಾರ್ಡಿಂಗಿನ ದಿನ ಗುನುಗಬೇಕಾಗಿದ್ದವಳು ಜ್ವರ ಬಂದು ಮಲಗಿದ್ದಕ್ಕೆ, ನನ್ನ ಜೊತೆಗೆ ಬಂದಿದ್ದ ನಿನ್ನನ್ನು ಒಳಗೆ ಕರೆದು ಸ್ಟೂಲಿನ ಮೇಲೆ ನಿಲ್ಲಿಸಿದರು. ನೀನು ಹೆದರಿ ನನ್ನ ಸೆರಗು ಹಿಡಿದುಕೊಂಡೇ ಗುನುಗಿದೆ. ಇದನ್ನೂ ನೀನು ರೇಡಿಯೋದಲ್ಲಿ ಹೇಳಿದೆ, ಆದರೆ ಸೆರಗನ್ನು ಬಿಟ್ಟು.

ಹಾಡು ಮುಗಿದ ಮೇಲೆ ಕಾರ್ಯಕ್ರಮ ನಡೆಸುವವನು, "ಈ ಅದ್ಭುತ ಗಾಯಕಿ ಇವತ್ತು ನಮ್ಮ ಜೊತೆ ಇಲ್ಲ" ಎಂದ. ಊರಲ್ಲಿಲ್ಲ ಎಂದಿರಬೇಕು ಅಂದುಕೊಂಡೆ. "ಆದ್ರೆ ಅವರ ಸ್ವಂತ ತಂಗಿ ನಮ್ಮ ಜೊತೆ ಇದ್ದಾರೆ. ಅಮ್ಮಾ, ಅಕ್ಕನ ನೆನಪು ತುಂಬಾ ಕಾಡುತ್ತಲ್ವಾ?" ಎಂದು ಕೇಳಿದ. ನೀನು ಮೂಗು ಎಳೆದುಕೊಂಡು, "ಹೋದೋರು ಹೋದ್ರು. ಹಾಡು ಉಳೀತು" ಎಂದೆ.

ನಾನು ಕುರ್ಚಿಯಲ್ಲಿ ಎದ್ದು ಕೂತೆ. "ನಾನೇ ಅದು, ನಾನಿನ್ನೂ ಬದುಕಿದ್ದೀನಿ" ಎಂದೆ. ಅರ್ಧ ಬಾಯಿ ಮರಗಟ್ಟಿ, ಉಳಿದರ್ಧದಲ್ಲಿ ಹತ್ತಿ ತುಂಬಿದ್ದರಿಂದ ಹೊರಗೆ ಬಂದದ್ದು ಎಮ್ಮೆಯ ಸದ್ದು. ನರ್ಸು ಓಡಿ ಬಂದು ಭುಜ ಒತ್ತಿ, "ಹೆದರ್ಕೋಬೇಡಿ ಅಜ್ಜಿ, ನೋವಾಗಲ್ಲ" ಎಂದಳು. ಡಾಕ್ಟರಮ್ಮ ಇಕ್ಕಳ ಹಿಡಿದು, "ಎಂಥಾ ಗಂಟಲು ಅಲ್ವಾ? ಪಾಪ, ಹೋಗ್ಬಿಟ್ರಂತೆ. ಎಲ್ಲಿ, ಬಾಯಿ ಅಗಲ ಮಾಡಿ" ಎಂದರು. ಆ ಗಂಟಲಿನೊಳಕ್ಕೇ ಇಣುಕಿ ನೋಡುತ್ತಾ ಈ ಮಾತು! ನಗು ಬಂತು, ನಗುವುದಕ್ಕೂ ಬಾಯಿ ನನ್ನದಾಗಿರಲಿಲ್ಲ.

ಮನೆಗೆ ಬಂದು ಕೆನ್ನೆ ಒತ್ತಿಕೊಂಡು ಯೋಚಿಸಿದೆ. ನಾವು ಮಾತು ಬಿಟ್ಟು ಹತ್ತು ವರ್ಷದ ಮೇಲಾಯಿತು. 'ಅಕ್ಕ ಇದ್ದಾಳೆ, ಆದರೆ ನಮಗೆ ಆಗಿಬರುವುದಿಲ್ಲ' ಎಂದು ಹತ್ತು ಜನರೆದುರು ಹೇಳುವುದಕ್ಕಿಂತ 'ಅಕ್ಕ ಹೋದಳು' ಎನ್ನುವುದು ನಿನಗೆ ಮರ್ಯಾದೆಯಾಗಿ ಕಂಡಿರಬೇಕು. ಜೊತೆಗೆ, ಬದುಕಿರುವ ಗಾಯಕಿಯ ತಂಗಿಗೆ ಯಾರೂ ಮೈಕು ಕೊಡುವುದಿಲ್ಲ. ಸತ್ತವಳ ತಂಗಿಗೆ ಮೈಕು, ಕುರ್ಚಿ, ಕರವಸ್ತ್ರ ಎಲ್ಲಾ ಕೊಡುತ್ತಾರೆ.

ಸುಮ್ಮನಿರಬೇಕೆಂದೇ ಇದ್ದೆ. ಆದರೆ ಪಕ್ಕದ ಮನೆಯ ಟೈಲರ್, ಕತ್ತರಿ ಆಡಿಸುತ್ತಾ ಆ ಹಾಡನ್ನು ಶಿಳ್ಳೆಯಲ್ಲಿ ಹಾಡತೊಡಗಿದ. ಬಸ್ಸಿನಲ್ಲಿ ಇಬ್ಬರು ಹೆಂಗಸರಿಗೆ ಅದರದ್ದೇ ಮಾತು. "ನಮ್ಮಮ್ಮ ಈ ಹಾಡು ಕೇಳಿ ಊಟ ಬಿಟ್ಟಿದ್ಳಂತೆ." "ಗಾಯಕಿ ಕುಡಿದು ಸತ್ಳಂತೆ." "ಇಲ್ಲ ಕಣೇ, ಪ್ರೇಮಕ್ಕಂತೆ." ನೋಡು, ನೀನು ಒಂದು ಸಲ ಕೊಂದೆ, ಊರು ಬಗೆಬಗೆಯಾಗಿ ಕೊಲ್ಲುತ್ತಿದೆ. ಹಾಡು ಬಂದ ವರ್ಷ ಹೋಟೆಲು, ಕ್ಷೌರದಂಗಡಿ ಎಲ್ಲೆಲ್ಲೂ ಅದೇ ಆಗಿತ್ತು. ಮರುವರ್ಷ ರೆಕಾರ್ಡ್ ಕಂಪನಿಯವರು ಫೋನೇ ಎತ್ತಲಿಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿ "ನಂಬರ್ ಹೇಳಿ" ಎಂದು ಹೇಳುತ್ತಾ ನಿವೃತ್ತಳಾದೆ. ಆಗ ಯಾರಿಗೂ ಬೇಡವಾಗಿದ್ದವಳು ಈಗ, ಸತ್ತ ಮೇಲೆ, ಎಲ್ಲರಿಗೂ ಬೇಕಾಗಿದ್ದಾಳೆ.

ಕಳೆದ ಸೋಮವಾರ ರೇಡಿಯೋ ಸ್ಟೇಷನ್ನಿಗೆ ಹೋದೆ. ಕಾರ್ಯಕ್ರಮ ನಡೆಸುವವನು ಗಡ್ಡದವನು, ಕೆಟ್ಟವನಲ್ಲ. ಅವನ ಮೇಜಿನ ಮೇಲೆ ನನ್ನ ಹಾಡಿನ ಗ್ರಾಮಫೋನ್ ಪ್ಲೇಟು ಗಾಜಿನ ಚೌಕಟ್ಟಿನೊಳಗಿತ್ತು. ನಾನು ವಿಷಯ ಹೇಳಿದೆ. ಅವನು ಕೂರಿಸಿ, ಕೈ ಕಟ್ಟಿಕೊಂಡು ಕೇಳಿಸಿಕೊಂಡ. "ಬೇಜಾರು ಮಾಡ್ಕೋಬೇಡಿ ಅಮ್ಮ. ಈ ಥರ ಬಂದವರಲ್ಲಿ ನೀವು ಮೂರನೆಯವರು" ಎಂದ. ಪ್ಲೇಟಿನ ಮೇಲಿದ್ದದ್ದು ಕಂಪನಿಯವರು ಇಟ್ಟ ಹೆಸರು, ನನ್ನ ಗುರುತಿನ ಚೀಟಿಯಲ್ಲಿದ್ದದ್ದು ಅಪ್ಪ ಇಟ್ಟ ಹೆಸರು. ಪ್ಲೇಟಿನ ಹೊದಿಕೆಯ ಫೋಟೋದಲ್ಲಿ ಕೂದಲೇ ಮುಖವನ್ನು ಅರ್ಧ ನುಂಗಿದೆ.

"ಹಾಗಾದ್ರೆ ಹಾಡ್ತೀನಿ" ಎಂದೆ. ಎದ್ದು ನಿಂತು ಹಾಡಿದೆ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ದನಿ ತುಕ್ಕು ಹಿಡಿದ ಗೇಟಿನ ಹಾಗೆ ಕಿರುಗುಟ್ಟಿತು. ಅವನ ಮುಖದಲ್ಲಿ ನಗು ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ, ಬಂದದ್ದು ಕರುಣೆ. ತನ್ನ ಪ್ರೀತಿಯ ಹಾಡಿಗೆ ಯಾರೋ ಏಟು ಹಾಕುತ್ತಿದ್ದಾರೆ ಎಂಬಂತೆ, "ಸಾಕಮ್ಮ, ದಯವಿಟ್ಟು ಸಾಕು" ಎಂದ.

"ನನ್ನ ತಂಗಿಗೇ ಫೋನ್ ಮಾಡಿ. ಅವಳು ಹೇಳ್ತಾಳೆ" ಎಂದೆ. ಅವನು ಫೋನನ್ನು ಮೇಜಿನ ಮೇಲಿಟ್ಟು ನನಗೂ ಕೇಳಿಸುವಂತೆ ಮಾಡಿದ. ನೀನು ಎತ್ತಿದೆ. ಅವನು ಮುಜುಗರದಿಂದ ವಿಷಯ ಹೇಳುತ್ತಿರುವಾಗಲೇ ನಾನು ಬಾಗಿ, "ಪಾಪು, ನಾನು ಕಣೇ" ಎಂದೆ.

ನೀನು ಸುಮ್ಮನಾದೆ. ಇಡೀ ಜೀವನ ಲೈನಿನ ಮೇಲೆ ಜನರ ಮೌನ ಕೇಳಿದವಳು ನಾನು. ಗುರುತು ಸಿಗದವರ ಮೌನ ಬೇರೆ ಥರ ಇರುತ್ತದೆ. ನಿನ್ನದು ಹಾಗಿರಲಿಲ್ಲ. ಆಮೇಲೆ ನೀನು ಮೆಲ್ಲಗೆ, ಮರ್ಯಾದಸ್ಥಳ ಹಾಗೆ ಹೇಳಿದೆ: "ನಮ್ಮಕ್ಕ ಇಲ್ಲ ಸರ್. ಯಾರೋ ಪಾಪ, ವಯಸ್ಸಾದೋರು. ಬಯ್ಯಬೇಡಿ. ಒಂದು ಟೀ ಕುಡಿಸಿ ಕಳಿಸಿ."

ಅವನು ಟೀ ತರಿಸಿದ. ನಾನು ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಬಾಗಿಲ ತನಕ ಬಂದು ಕೈ ಹಿಡಿದು ಮೆಟ್ಟಿಲು ಇಳಿಸಿದ. "ಆ ಹಾಡಿನ ಮೇಲೆ ನಿಮಗೂ ಇಷ್ಟು ಪ್ರೀತಿ ಇದೆಯಲ್ಲ, ಅದೇ ಖುಷಿ" ಎಂದ.

ಮುಂದಿನ ತಿಂಗಳು ಆ ಕಾರ್ಯಕ್ರಮದ ಕೇಳುಗರ ಸಂಘದವರು ಸಭಾಂಗಣದಲ್ಲಿ ಸ್ಮರಣೆಯ ಸಂಜೆ ಮಾಡುತ್ತಾರಂತೆ, ವೇದಿಕೆಯ ಮೇಲೆ ನೀನು. ನಾನು ಟಿಕೆಟ್ ಕೊಂಡಾಗಿದೆ. ಹೆದರಬೇಡ, ಕೂಗಾಡುವುದಿಲ್ಲ. ನಿನಗೆ ಚೆನ್ನಾಗಿ ಕಾಣುವ ಜಾಗದಲ್ಲಿ ಸುಮ್ಮನೆ ಕೂತಿರುತ್ತೇನೆ. ಎಲ್ಲರೂ ಎದ್ದು ನಿಂತು ಮೌನ ಆಚರಿಸುವಾಗ ನಾನೊಬ್ಬಳೇ ಎದ್ದೇಳುವುದಿಲ್ಲ. ನನ್ನ ಸಾವಿಗೆ ನಾನೇ ಎದ್ದು ನಿಲ್ಲುವಷ್ಟು ಮಂಡಿಯಲ್ಲಿ ಶಕ್ತಿಯಿಲ್ಲ.

ದೊಡ್ಡವಳಾಗಿ ಹುಟ್ಟಿದ ಮೇಲೆ ಆಶೀರ್ವಾದ ಮಾಡದೆ ಪತ್ರ ಮುಗಿಸುವ ಹಾಗಿಲ್ಲ. ದೀರ್ಘಾಯುಷ್ಯವಿರಲಿ. ಕಿವಿ ಕೊನೆಯ ತನಕ ಚುರುಕಾಗಿರಲಿ. ಯಾರು ಎಲ್ಲಿ ಆ ಹಾಡು ಹಾಕಿದರೂ ನಿನಗೆ ಪೂರ್ತಿ ಕೇಳಿಸಲಿ.

ಇತಿ,
ಇನ್ನೂ ಇರುವ ನಿನ್ನ ಅಕ್ಕ

ತಾ.ಕ.: ನನ್ನ ಸಾವನ್ನು ನೀನು ರೇಡಿಯೋದಲ್ಲಿ ಹೇಗೆ ವರ್ಣಿಸಿದೆ ಎಂಬುದನ್ನು ಮೇಲೆ ಬರೆಯಲಿಲ್ಲ. ಬರೆಯಲಾಗಲಿಲ್ಲ. ಅಕ್ಕನ ತಲೆ ನಿನ್ನ ಮಡಿಲಲ್ಲಿತ್ತು ಎಂದೆ ನೀನು. ನೀರು ಇಳಿಯದೆ ಬಟ್ಟೆ ಒದ್ದೆಮಾಡಿ ತುಟಿಗೆ ಒತ್ತಿದೆ ಎಂದೆ. "ಕನ್ನಡಕ ಹಾಕು, ಬಾಗಿಲು ಕಾಣಿಸ್ತಿಲ್ಲ" ಎಂದಳು ಎಂದೆ. ನಾನು ಹುಟ್ಟಿದಾರಭ್ಯ ಕನ್ನಡಕ ಹಾಕಿದವಳಲ್ಲ, ಪಾಪು. ಅದು ಅಮ್ಮ.

ಅಮ್ಮ ಹೋದದ್ದನ್ನು ಎಲ್ಲಾ ಮುಗಿದ ಮೇಲೆ ನೀನು ನನಗೆ ತಿಳಿಸಿದೆ. ಹೇಗೆ ಹೋದಳೆಂದು ಕೇಳಿದರೆ "ನಿದ್ದೇಲಿ" ಎಂದು ಫೋನಿಟ್ಟೆ. ಅಲ್ಲಿಂದ ನಾನು ನಿನ್ನೊಡನೆ ಮಾತಾಡಲಿಲ್ಲ. ನನ್ನ ತಾಯಿ ಹೇಗೆ ಹೋದಳೆಂಬುದು ನನಗೆ ಗೊತ್ತಾದದ್ದು ಬಾಯಲ್ಲಿ ಹತ್ತಿ ಇಟ್ಟುಕೊಂಡು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ.

ಕೊನೆಗೆ ಬಾಗಿಲ ಕಡೆ ನೋಡಿ "ಬಂದ್ಲಾ?" ಎಂದು ಕೇಳಿದಳು ಎಂದೆ. ನಿನ್ನ ಮಡಿಲಲ್ಲೇ ಮಲಗಿದ್ದವಳು ಯಾರ ಬಗ್ಗೆ ಕೇಳಿದಳೆಂದು ಆ ಗಡ್ಡದವನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. "ಹೂಂ, ಬಂದಿದಾಳೆ ಅಂದೆ, ಆಮೇಲೆ ಕಣ್ಣು ಮುಚ್ಚಿದ್ಳು" ಎಂದೆಯಲ್ಲ, ಅದನ್ನು ಅಮ್ಮನಿಗೆ ನಿಜವಾಗಿ ಹೇಳಿದೆಯಾ, ರೇಡಿಯೋಗೆ ಸೇರಿಸಿದ್ದಾ? ಬೇರೆ ಯಾವುದಕ್ಕೂ ಉತ್ತರ ಬರೆಯಬೇಡ. ಇದೊಂದಕ್ಕೆ ಬರೆ.